ಕಾರಿಗೆ ಸಣ್ಣ ಗುದ್ದು: ಸ್ಥಳದಲ್ಲೇ ದುಡ್ಡು ಕೊಟ್ಟು ಮುಗಿಸೋದಾ, ಇನ್ಶೂರೆನ್ಸ್‌ಗೆ ಹಾಕೋದಾ? ಇಲ್ಲಿದೆ ಲೆಕ್ಕ

ದಾವಣಗೆರೆ: ಪಿ.ಬಿ. ರಸ್ತೆ, ಹದಡಿ ರಸ್ತೆ, ಅಶೋಕ ರಸ್ತೆ. ಸಂಜೆ ಹೊತ್ತಲ್ಲಿ ಈ ಮೂರರಲ್ಲಿ ಯಾವುದಕ್ಕೆ ಹೋದ್ರೂ ಕಾರು, ಆಟೋ, ಬೈಕು, ಟಾಟಾ ಏಸ್ ಒಂದಕ್ಕೊಂದು ಉಜ್ಜಿಕೊಂಡಂಗೇ ಹೋಗ್ತಿರ್ತವೆ. ಬಂಪರ್ ಗೀಚೋದು, ಬಾಗಿಲು ನೆಗ್ಗೋದು, ಕನ್ನಡಿ ಒಡೆಯೋದು ನಮ್ಮೂರಲ್ಲಿ ಹೊಸದೇನಲ್ಲ. ಗುದ್ದಿದ ಎರಡೇ ನಿಮಿಷಕ್ಕೆ ಜನ ಸೇರ್ತಾರೆ, ಅವರಲ್ಲೊಬ್ರು ಪಂಚಾಯ್ತಿಗೂ ನಿಲ್ತಾರೆ. "ಆಗಿದ್ದು ಆತು, ಮೂರು ಸಾವಿರ ಕೊಟ್ಟು ಮುಗಿಸ್ಕಳ್ರಿ, ಸ್ಟೇಷನ್ನು ಯಾಕ್ ಬೇಕು?" ಅನ್ನೋ ಮಾತು ಬರುತ್ತೆ.

ಕೆಲವು ಸಲ ಅದು ಸರಿಯಾದ ಸಲಹೆ. ಕೆಲವು ಸಲ ಅದೇ ಸಲಹೆ ಆರು ತಿಂಗಳಾದ ಮೇಲೆ ಕೋರ್ಟ್ ನೋಟಿಸ್ ಆಗಿ ಮನೆಗೆ ಬರುತ್ತೆ. ಯಾವಾಗ ಯಾವುದು ಸರಿ ಅಂತ ನೆನಪಿಡೋಕೆ ಒಂದೇ ಸೂತ್ರ: ಪೆಟ್ಟು ಬರೀ ಗಾಡಿಗೆ ಆಗಿದ್ರೆ ಲೆಕ್ಕ ಹಾಕಿ, ಮನುಷ್ಯರಿಗೆ ಆಗಿದ್ರೆ ದಾಖಲೆ ಮಾಡಿಸಿ. ಇನ್ನು ವಿವರ ನೋಡೋಣ.

ಮೊದಲ ಹತ್ತು ನಿಮಿಷ: ಏನು ಮಾಡ್ಬೇಕು?

ಜಗಳಕ್ಕೆ ಇಳಿಯೋದಕ್ಕಿಂತ ಮುಂಚೆ ಈ ಕೆಲಸ ಮುಗಿಸಿ.

1. ಯಾರಿಗಾದ್ರೂ ಪೆಟ್ಟಾಗಿದೆಯಾ ನೋಡಿ. ಆಗಿದ್ರೆ 108ಕ್ಕೆ ಕರೆ ಮಾಡಿ. ಪೊಲೀಸ್ ಬೇಕಾದ್ರೆ 112.

2. ಗಾಡಿ ಕದಲಿಸೋಕೆ ಮುಂಚೆ ಮೊಬೈಲ್‌ನಲ್ಲಿ ಫೋಟೋ ತಗೊಳ್ಳಿ. ಎರಡೂ ಗಾಡಿಯ ನಂಬರ್ ಪ್ಲೇಟ್, ಗುದ್ದಿದ ಜಾಗ, ರಸ್ತೆ, ಅಕ್ಕಪಕ್ಕದ ಅಂಗಡಿ ಬೋರ್ಡ್ ಎಲ್ಲ ಬರಲಿ. ಒಂದು ನಿಮಿಷದ ವಿಡಿಯೋ ಇದ್ರೆ ಇನ್ನೂ ಒಳ್ಳೇದು.

3. ಎದುರಿನವರ ಹೆಸರು, ಫೋನ್ ನಂಬರ್, ಡಿಎಲ್, ಇನ್ಶೂರೆನ್ಸ್ ಪಾಲಿಸಿಯ ಫೋಟೋ ಕೇಳಿ. ನಿಮ್ಮದನ್ನೂ ಕೊಡಿ. ಗಾಡಿ ನಂಬರ್ ಗೊತ್ತಿದ್ರೆ ಎಂಪರಿವಾಹನ್ ಆ್ಯಪ್‌ನಲ್ಲಿ ಅದರ ಇನ್ಶೂರೆನ್ಸ್ ಚಾಲ್ತಿಯಲ್ಲಿದೆಯಾ ಅಂತ ಅಲ್ಲೇ ನೋಡಬಹುದು.

4. ಹತ್ತಿರದ ಅಂಗಡಿಯಲ್ಲಿ ಸಿಸಿಟಿವಿ ಇದೆಯಾ ಗಮನಿಸಿ. ಹಳೆ ರೆಕಾರ್ಡಿಂಗ್ ಕೆಲವೇ ದಿನದಲ್ಲಿ ಅಳಿಸಿ ಹೋಗುತ್ತೆ.

5. "ತಪ್ಪು ನಂದೇ, ಎಲ್ಲಾ ಖರ್ಚು ನಾನೇ ಕೊಡ್ತೀನಿ" ಅಂತ ಆತುರದಲ್ಲಿ ಮಾತು ಕೊಡಬೇಡಿ, ಬರೆದೂ ಕೊಡಬೇಡಿ. ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ತಪ್ಪೊಪ್ಪಿಗೆ, ಭರವಸೆ, ಹಣ ಯಾವುದನ್ನೂ ಕೊಡಬಾರದು ಅನ್ನೋದು ಮೋಟಾರು ಪಾಲಿಸಿಯ ಷರತ್ತುಗಳಲ್ಲೇ ಇದೆ. ಮುಂದೆ ಇನ್ಶೂರೆನ್ಸ್‌ಗೆ ಹೋಗೋ ಪ್ರಸಂಗ ಬಂದ್ರೆ ಇದೇ ಅಡ್ಡ ಬರುತ್ತೆ.

ನಿಮ್ಮ ಪಾಲಿಸಿ ಯಾವುದು?

ಎಷ್ಟೋ ಜನಕ್ಕೆ ತಮ್ಮ ಹತ್ರ ಇರೋ ಪಾಲಿಸಿ ಯಾವುದು ಅಂತ ಗುದ್ದಿದ ಮೇಲೇ ಗೊತ್ತಾಗೋದು.

ಥರ್ಡ್ ಪಾರ್ಟಿ ಮಾತ್ರ ಇದ್ರೆ: ನಿಮ್ಮ ಗಾಡಿಯ ರಿಪೇರಿಗೆ ಒಂದು ರೂಪಾಯಿನೂ ಬರಲ್ಲ. ನಿಮ್ಮಿಂದ ಬೇರೆಯವರಿಗೆ ಆದ ಪೆಟ್ಟು, ಸಾವು, ಆಸ್ತಿ ನಷ್ಟಕ್ಕೆ ಮಾತ್ರ ಇದು ಅನ್ವಯ. ಮೋಟಾರು ವಾಹನ ಕಾಯ್ದೆ 1988ರ ಕಲಂ 146ರ ಪ್ರಕಾರ ಇದು ಎಲ್ಲಾ ಗಾಡಿಗೂ ಕಡ್ಡಾಯ. ಇಲ್ಲದೆ ಓಡಿಸಿದ್ರೆ ಮೊದಲ ಸಲ 2,000 ರೂ., ಮತ್ತೆ ಸಿಕ್ಕಿಬಿದ್ರೆ 4,000 ರೂ. ದಂಡ. ಮೂರು ತಿಂಗಳವರೆಗೆ ಜೈಲಿಗೂ ಅವಕಾಶ ಇದೆ.

ಫುಲ್ ಇನ್ಶೂರೆನ್ಸ್ ಇದ್ರೆ: ಥರ್ಡ್ ಪಾರ್ಟಿ ಜೊತೆ ನಿಮ್ಮ ಸ್ವಂತ ಗಾಡಿಯ ಹಾನಿಗೂ ಕ್ಲೇಮ್ ಮಾಡಬಹುದು. ತಪ್ಪು ನಿಮ್ಮದೇ ಆಗಿದ್ರೂ ಸಿಗುತ್ತೆ. ಆದ್ರೆ ಡಿಎಲ್ ಇಲ್ಲದೆ ಅಥವಾ ಕುಡಿದು ಓಡಿಸಿದ್ರೆ ಸ್ವಂತ ಗಾಡಿಯ ಕ್ಲೇಮ್ ಸಿಗಲ್ಲ.

ಬರೀ ಗಾಡಿಗೆ ಪೆಟ್ಟು: ಲೆಕ್ಕ ಹೀಗೆ ಹಾಕಿ

ಗ್ಯಾರೇಜ್ ಬಿಲ್ ಎಷ್ಟಾದ್ರೂ ಕಂಪನಿ ಪೂರ್ತಿ ಕೊಡುತ್ತೆ ಅಂದ್ಕೊಂಡಿದ್ರೆ ಅದು ತಪ್ಪು. ಮೂರು ಕಡೆ ಕಡಿತ ಆಗುತ್ತೆ.

ಒಂದು, ಕಡ್ಡಾಯ ಕಡಿತ. 1500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೇಮ್‌ಗೆ 1,000 ರೂ., ಅದಕ್ಕಿಂತ ದೊಡ್ಡ ಎಂಜಿನ್ ಇದ್ರೆ 2,000 ರೂ. ನೀವೇ ಭರಿಸಬೇಕು.

ಎರಡು, ಸವಕಳಿ. ಪ್ಲಾಸ್ಟಿಕ್, ರಬ್ಬರ್, ಟೈರು, ಬ್ಯಾಟರಿ ಬೆಲೆಯಲ್ಲಿ ಶೇ 50 ಕಡಿತ. ಫೈಬರ್ ಗ್ಲಾಸ್‌ಗೆ ಶೇ 30. ಗಾಜಿಗೆ ಕಡಿತ ಇಲ್ಲ. ಲೋಹದ ಭಾಗಕ್ಕೆ ಕಾರಿನ ವಯಸ್ಸಿನ ಮೇಲೆ ಲೆಕ್ಕ: ಎರಡರಿಂದ ಮೂರು ವರ್ಷದ ಕಾರಿಗೆ ಶೇ 15, ಮೂರರಿಂದ ನಾಲ್ಕಕ್ಕೆ ಶೇ 25, ಐದರಿಂದ ಹತ್ತು ವರ್ಷಕ್ಕೆ ಶೇ 40. ಪೇಂಟಿಂಗ್ ಬಿಲ್‌ನಲ್ಲಿ ಕಾಲು ಭಾಗ ಬಣ್ಣದ ಬೆಲೆ ಅಂತ ಹಿಡಿದು ಅದರಲ್ಲಿ ಅರ್ಧ ಕಡಿತ ಮಾಡ್ತಾರೆ. 'ಜೀರೋ ಡೆಪ್ರಿಸಿಯೇಷನ್' ಸೇರಿಸಿದ ಪಾಲಿಸಿ ಆಗಿದ್ರೆ ಈ ಸವಕಳಿ ಕಡಿತ ಇರಲ್ಲ.

ಮೂರು, ಕಣ್ಣಿಗೆ ಕಾಣದ ನಷ್ಟ: ನೋ ಕ್ಲೇಮ್ ಬೋನಸ್. ಕ್ಲೇಮ್ ಮಾಡದೆ ಇದ್ರೆ ಸ್ವಂತ ಗಾಡಿಯ ಪ್ರೀಮಿಯಂನಲ್ಲಿ ವರ್ಷ ವರ್ಷ ಶೇ 20, 25, 35, 45, 50 ಹೀಗೆ ರಿಯಾಯ್ತಿ ಏರುತ್ತೆ. ಒಂದೇ ಒಂದು ಕ್ಲೇಮ್ ಮಾಡಿದ್ರೂ ಮುಂದಿನ ವರ್ಷ ಅದು ಸೊನ್ನೆಗೆ ಇಳಿಯುತ್ತೆ. ಬೋನಸ್ ಉಳಿಸೋ ಆ್ಯಡ್ ಆನ್ ತಗೊಂಡಿದ್ರೆ ಮಾತ್ರ ಬಚಾವ್.

ಒಂದು ಉದಾಹರಣೆ ತಗೊಳ್ಳೋಣ. ಮೂರೂವರೆ ವರ್ಷದ ಸಣ್ಣ ಕಾರು. ಸ್ವಂತ ಗಾಡಿಯ ಪ್ರೀಮಿಯಂ, ರಿಯಾಯ್ತಿಗೆ ಮುಂಚೆ, 6,000 ರೂ. ಈಗಿರೋ ಬೋನಸ್ ಶೇ 35, ಕ್ಲೇಮ್ ಇಲ್ಲದಿದ್ರೆ ಮುಂದಿನ ವರ್ಷ ಶೇ 45. ಜೀರೋ ಡೆಪ್ರಿಸಿಯೇಷನ್ ಇಲ್ಲ.

ಸಣ್ಣ ಬಿಲ್, 6,500 ರೂ.: ಬಂಪರ್ 3,000, ಪೇಂಟಿಂಗ್ 2,500, ಕೂಲಿ 1,000. ಬಂಪರ್‌ನಲ್ಲಿ 1,500, ಬಣ್ಣದಲ್ಲಿ ಸುಮಾರು 310, ಕಡ್ಡಾಯ ಕಡಿತ 1,000 ಹೋದ್ರೆ ಕೈಗೆ ಬರೋದು ಸುಮಾರು 3,690 ರೂ.

ಇನ್ನು ಬೋನಸ್ ನಷ್ಟ. ಮುಂದಿನ ವರ್ಷ ಶೇ 45 ಸಿಗೋ ಕಡೆ ಸೊನ್ನೆ, ಅಂದ್ರೆ 2,700 ರೂ. ಅದರ ಮುಂದಿನ ವರ್ಷ ಶೇ 50ರ ಬದಲು 20, ಅಂದ್ರೆ 1,800. ಮೂರನೇ ವರ್ಷ 50ರ ಬದಲು 25, ಅಂದ್ರೆ 1,500. ಮೂರೇ ವರ್ಷಕ್ಕೆ 6,000 ರೂ. ಹೋಯ್ತು, ಜಿಎಸ್‌ಟಿ ಬೇರೆ. (ಕಾರು ಹಳೇದಾದಂಗೆ ಪ್ರೀಮಿಯಂ ಇಳಿಯೋದ್ರಿಂದ ಇದು ಸ್ವಲ್ಪ ಕಮ್ಮಿ ಆಗಬಹುದು.) 3,690 ತಗೊಳ್ಳೋಕೆ 6,000 ಕಳ್ಕೊಳ್ಳೋ ವ್ಯವಹಾರ ಇದು. ಇಂಥದ್ದಕ್ಕೆ ಕ್ಲೇಮ್ ಬೇಡ. ಪರಿಚಯದ ಟಿಂಕರಿಂಗ್ ಶಾಪ್‌ನಲ್ಲಿ ಕೈಯಿಂದಲೇ ಮಾಡಿಸಿಕೊಳ್ಳಿ.

ದೊಡ್ಡ ಬಿಲ್, 28,000 ರೂ.: ಲೋಹದ ಭಾಗ 10,000, ಪ್ಲಾಸ್ಟಿಕ್ 8,000, ಪೇಂಟಿಂಗ್ 6,000, ಕೂಲಿ 4,000. ಕಡಿತ ಕ್ರಮವಾಗಿ 2,500, 4,000, 750, ಜೊತೆಗೆ ಕಡ್ಡಾಯ 1,000. ಬರೋದು 19,750 ರೂ. ಬೋನಸ್ ಹೋದ್ರೂ ಲಾಭವೇ. ಇಲ್ಲಿ ಕ್ಲೇಮ್ ಮಾಡಬೇಕು.

ನಿಮ್ಮ ಪಾಲಿಸಿ ತೆಗೆದು ಇದೇ ಲೆಕ್ಕ ಹಾಕಿ. ಕಂಪನಿಯಿಂದ ಬರೋ ಹಣ ಮುಂದಿನ ಮೂರು ವರ್ಷದ ಬೋನಸ್ ನಷ್ಟಕ್ಕಿಂತ ಜಾಸ್ತಿ ಇದ್ರೆ ಮಾತ್ರ ಕ್ಲೇಮ್. ಗ್ಯಾರೇಜ್‌ನಿಂದ ಅಂದಾಜು ಪಟ್ಟಿ ಬರೋವರೆಗೆ ಯಾವುದನ್ನೂ ಒಪ್ಪಬೇಡಿ. ಆಧುನಿಕ ಬಂಪರ್ ಹೊರಗೆ ಬರೀ ಗೀಚಿದಂಗೆ ಕಂಡ್ರೂ ಒಳಗೆ ಸೆನ್ಸರ್, ಕ್ಲಿಪ್ಪು, ರೇಡಿಯೇಟರ್ ಹೋಗಿರಬಹುದು.

ಎದುರಿನವರ ಗಾಡಿ ನಷ್ಟಕ್ಕೆ ನಮ್ಮ ಇನ್ಶೂರೆನ್ಸ್ ಕೊಡಲ್ವಾ?

ಕೊಡುತ್ತೆ. ಖಾಸಗಿ ಕಾರಿನ ಪಾಲಿಸಿಯಲ್ಲಿ ಬೇರೆಯವರ ಆಸ್ತಿ ನಷ್ಟಕ್ಕೆ ಸಾಮಾನ್ಯವಾಗಿ 7.5 ಲಕ್ಷ ರೂ.ವರೆಗೆ ರಕ್ಷಣೆ ಇರುತ್ತೆ. ಪ್ರೀಮಿಯಂ ಕಮ್ಮಿ ಮಾಡಿಸೋಕೆ ಇದನ್ನ 6,000 ರೂ.ಗೆ ಇಳಿಸಿಕೊಂಡಿದ್ರೆ ಅಷ್ಟೇ. ಥರ್ಡ್ ಪಾರ್ಟಿ ಕ್ಲೇಮ್ ಆದ್ರೆ ನಿಮ್ಮ ಬೋನಸ್ ಹೋಗಲ್ಲ, ಯಾಕಂದ್ರೆ ಬೋನಸ್ ಇರೋದು ಸ್ವಂತ ಹಾನಿ ಭಾಗಕ್ಕೆ ಮಾತ್ರ.

ಆದ್ರೆ ದಾರಿ ಉದ್ದ. ಎದುರಿನವರು ಪೊಲೀಸ್ ದಾಖಲೆ ಸಮೇತ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು, ವಕೀಲರು, ವಾಯಿದೆ ಎಲ್ಲ ಆಗಬೇಕು. ಒಡೆದ ಇಂಡಿಕೇಟರ್‌ಗೆ ಯಾರೂ ಇಷ್ಟು ಓಡಾಡಲ್ಲ. ಅದಕ್ಕೇ ಮೂರು, ನಾಲ್ಕು ಸಾವಿರದ ನಷ್ಟ ರಸ್ತೆ ಮೇಲೇ ರಾಜಿ ಆಗೋದು. ಅವರ ಹತ್ರ ಫುಲ್ ಇನ್ಶೂರೆನ್ಸ್ ಇದ್ರೆ ಅವರವರ ಕಂಪನಿಯಲ್ಲಿ ಅವರವರು ಕ್ಲೇಮ್ ಮಾಡ್ಕೊಳ್ಳೋದೇ ಸಲೀಸು.

ರಾಜಿ ಆದ್ರೆ ಚೀಟಿ ಬರೆಸಿಕೊಳ್ಳಿ

ಬಾಯಿ ಮಾತಲ್ಲಿ ಮುಗಿಸಬೇಡಿ. ನಗದು ಕೊಡಬೇಡಿ, ಫೋನ್‌ಪೇ, ಗೂಗಲ್‌ಪೇ ಮಾಡಿ. ಯಾಕೆ ಕೊಟ್ಟಿದ್ದು ಅಂತ ಅದರಲ್ಲೇ ಬರೆಯಿರಿ. ಜೊತೆಗೆ ಬಿಳಿ ಹಾಳೆ ಮೇಲೆ ಇಷ್ಟು ಬರೆದು ಇಬ್ಬರೂ ಸಹಿ ಹಾಕಿ:

"ದಿನಾಂಕ ____ ರಂದು ____ ಗಂಟೆಗೆ ದಾವಣಗೆರೆಯ ________ ಬಳಿ ಕೆಎ-17-____ ಕಾರು ಮತ್ತು ಕೆಎ-17-____ ವಾಹನ ಪರಸ್ಪರ ತಾಗಿ ವಾಹನಗಳಿಗೆ ಹಾನಿಯಾಗಿದೆ. ಯಾರಿಗೂ ಗಾಯವಾಗಿಲ್ಲ. ತಪ್ಪು ಯಾರದು ಎಂಬ ಪ್ರಶ್ನೆಗೆ ಹೋಗದೆ, ವಾಹನ ರಿಪೇರಿ ಬಾಬ್ತು ____ ರೂ. ಪೂರ್ತಿ ಸಂದಾಯವಾಗಿದೆ. ವಾಹನದ ಹಾನಿಗೆ ಸಂಬಂಧಿಸಿ ಮುಂದೆ ಯಾವ ತಕರಾರೂ ಇರುವುದಿಲ್ಲ."

ಕೆಳಗೆ ಇಬ್ಬರ ಹೆಸರು, ಫೋನ್ ನಂಬರ್, ಇಬ್ಬರು ಸಾಕ್ಷಿಗಳ ಸಹಿ. ಹೀಗೆ ಕೊಟ್ಟ ದುಡ್ಡನ್ನ ಆಮೇಲೆ ನಿಮ್ಮ ಇನ್ಶೂರೆನ್ಸ್ ಕಂಪನಿಯಿಂದ ಕೇಳೋಕೆ ಆಗಲ್ಲ ಅನ್ನೋದು ನೆನಪಿರಲಿ.

ಮನುಷ್ಯರಿಗೆ ಪೆಟ್ಟಾದ್ರೆ ರಸ್ತೆ ರಾಜಿ ಬೇಡವೇ ಬೇಡ

ಇಲ್ಲಿ ಲೆಕ್ಕಾಚಾರಕ್ಕೆ ಜಾಗ ಇಲ್ಲ. ಯಾರಿಗಾದ್ರೂ ಗಾಯ ಆಗಿದ್ರೆ ಆಸ್ಪತ್ರೆಗೆ ಸೇರಿಸೋದು, 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸೋದು, ಇನ್ಶೂರೆನ್ಸ್ ಕಂಪನಿಗೆ ಲಿಖಿತ ಮಾಹಿತಿ ಕೊಡೋದು ಚಾಲಕನ ಕರ್ತವ್ಯ ಅಂತ ಕಾಯ್ದೆಯ ಕಲಂ 134 ಹೇಳುತ್ತೆ.

ಬೈಕ್‌ನಿಂದ ಬಿದ್ದ ಹುಡುಗ ಎದ್ದು ಪ್ಯಾಂಟ್ ಕೊಡವಿಕೊಂಡು "ಏನೂ ಆಗಿಲ್ಲಣ್ಣ" ಅಂತಾನೆ. ಮೂಳೆ ಬಿರುಕು, ತಲೆಯೊಳಗಿನ ಪೆಟ್ಟು ರಾತ್ರಿಯೋ ಮಾರನೇ ದಿನವೋ ಗೊತ್ತಾಗುತ್ತೆ. ಕಾಯ್ದೆ ಪ್ರಕಾರ ಅಪಘಾತ ಆದ 6 ತಿಂಗಳೊಳಗೆ ಪರಿಹಾರಕ್ಕೆ ಅರ್ಜಿ ಹಾಕಬಹುದು. ಎರಡು ಸಾವಿರ ಕೊಟ್ಟು ಬರೆಸಿಕೊಂಡ ಚೀಟಿ ಅದನ್ನ ತಡೆಯುತ್ತೆ ಅಂತ ನಂಬಿ ಕೂರಬೇಡಿ. ಅಷ್ಟರಲ್ಲಿ ಕಂಪನಿಗೂ ತಿಳಿಸಿರಲ್ಲ, ಸ್ಟೇಷನ್‌ಗೂ ತಿಳಿಸಿರಲ್ಲ. ಕಷ್ಟ ನಿಮ್ಮ ತಲೆಗೇ ಬರುತ್ತೆ.

ದುಡ್ಡು ತಗೊಳ್ಳೋರಿಗೂ ಇದೇ ಮಾತು. ದಿನಗೂಲಿ ಮಾಡೋರು ಎರಡು ಸಾವಿರ ತಗೊಂಡು ಮನೆಗೆ ಹೋಗ್ತಾರೆ. ಆಮೇಲೆ ಕಾಲು ಮುರಿದಿದೆ ಅಂತ ಗೊತ್ತಾದ್ರೆ ಆಪರೇಷನ್ ಖರ್ಚು, ತಿಂಗಳುಗಟ್ಟಲೆ ಹೋಗೋ ಕೂಲಿ ಯಾರು ಕೊಡೋದು? ಗಾಯ, ಸಾವಿನ ವಿಷಯದಲ್ಲಿ ಥರ್ಡ್ ಪಾರ್ಟಿ ಇನ್ಶೂರೆನ್ಸ್‌ಗೆ ಇಂತಿಷ್ಟೇ ಅನ್ನೋ ಮಿತಿ ಇಲ್ಲ, ನ್ಯಾಯಮಂಡಳಿ ಹೇಳಿದಷ್ಟು ಕಂಪನಿ ಕೊಡಬೇಕು. ಅದಕ್ಕೆ ಬೇಕಾಗಿರೋದು ದಾಖಲೆ. ಚಿಗಟೇರಿ ಜಿಲ್ಲಾ ಆಸ್ಪತ್ರೆಯಾಗಲಿ, ಖಾಸಗಿ ಆಸ್ಪತ್ರೆಯಾಗಲಿ, "ಬೈಕ್‌ನಿಂದ ಜಾರಿ ಬಿದ್ದೆ" ಅಂತ ಸುಳ್ಳು ಹೇಳಬೇಡಿ. ಅಪಘಾತ ಅಂತಲೇ ಹೇಳಿ ಎಂಎಲ್‌ಸಿ ಮಾಡಿಸಿ.

ಎಫ್‌ಐಆರ್ ಆದ ಮೇಲೆ "ನಾವು ರಾಜಿ ಆಗಿದ್ದೀವಿ ಸಾರ್" ಅಂದ್ರೆ ಕೇಸ್ ಅಷ್ಟಕ್ಕೇ ಮುಗಿಯಲ್ಲ. ಅಜಾಗರೂಕ ಚಾಲನೆಗೆ ಹಾಕೋ ಭಾರತೀಯ ನ್ಯಾಯ ಸಂಹಿತೆಯ ಕಲಂ 281 ಇಬ್ಬರೂ ಸೇರಿ ರಾಜಿ ಮಾಡ್ಕೊಳ್ಳೋ ಪಟ್ಟಿಯಲ್ಲಿ ಇಲ್ಲ.

"ಗಾಡಿ ಸ್ಟೇಷನ್‌ನಲ್ಲೇ ಕೊಳೆಯುತ್ತೆ" ಅನ್ನೋ ಭಯಕ್ಕೆ ಎಷ್ಟೋ ಜನ ದೂರು ಕೊಡಲ್ಲ. ತಪಾಸಣೆ, ಔಪಚಾರಿಕ ಕೆಲಸ ಮುಗಿದ ಮೇಲೆ 24 ಗಂಟೆಯೊಳಗೆ ಗಾಡಿ ವಾಪಸ್ ಕೊಡಬೇಕು ಅಂತ ಕಲಂ 136ರಲ್ಲಿದೆ. ವಿನಯವಾಗಿ ಕೇಳಿ, ಆದ್ರೆ ಕೇಳಿ.

ಕ್ಲೇಮ್ ಮಾಡೋ ಕ್ರಮ

- ಪಾಲಿಸಿಯಲ್ಲಿರೋ ನಂಬರ್‌ಗೆ ಅಥವಾ ಆ್ಯಪ್‌ನಲ್ಲಿ ಅವತ್ತೇ ತಿಳಿಸಿ, ಕ್ಲೇಮ್ ನಂಬರ್ ಬರೆದಿಟ್ಟುಕೊಳ್ಳಿ.
- ಸರ್ವೇಯರ್ ನೋಡೋ ಮುಂಚೆ ಅಥವಾ ಕಂಪನಿ ಫೋಟೋ ಒಪ್ಪೋ ಮುಂಚೆ ರಿಪೇರಿ ಶುರು ಮಾಡಿಸಬೇಡಿ.
- ಆರ್‌ಸಿ, ಡಿಎಲ್, ಪಾಲಿಸಿ, ಕ್ಲೇಮ್ ಫಾರಂ, ಗ್ಯಾರೇಜ್ ಅಂದಾಜು ಪಟ್ಟಿ ರೆಡಿ ಇರಲಿ. ಬೇರೆಯವರಿಗೆ ಗಾಯ ಆಗಿದ್ರೆ ಪೊಲೀಸ್ ದಾಖಲೆನೂ ಬೇಕು.
- ಕಂಪನಿ ಪಟ್ಟಿಯಲ್ಲಿರೋ ಗ್ಯಾರೇಜ್ ಆದ್ರೆ ಕ್ಯಾಶ್‌ಲೆಸ್. ಬೇರೆ ಗ್ಯಾರೇಜ್ ಆದ್ರೆ ಸಾಮಾನ್ಯವಾಗಿ ಮೊದಲು ನೀವು ಕಟ್ಟಿ, ಜಿಎಸ್‌ಟಿ ಬಿಲ್ ಕೊಟ್ಟು ಆಮೇಲೆ ತಗೋಬೇಕು.

ಕ್ಲೇಮ್ ತಿರಸ್ಕಾರ ಆದ್ರೆ?

ಕಾರಣ ಲಿಖಿತವಾಗಿ ಕೇಳಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. 30 ದಿನದಲ್ಲಿ ಉತ್ತರ ಬರದಿದ್ರೆ ಅಥವಾ ಉತ್ತರ ಸಮಾಧಾನ ತರದಿದ್ರೆ ಬೆಂಗಳೂರಿನ ಜೆ.ಪಿ. ನಗರದಲ್ಲಿರೋ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ದೂರು ಕೊಡಬಹುದು. ಶುಲ್ಕ ಇಲ್ಲ, ವಕೀಲರೂ ಬೇಡ. ವಿಮಾ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ಸಹಾಯವಾಣಿ 155255.

ಕೊನೆಗೆ ಒಂದು ಕೆಲಸ. ಇದನ್ನ ಓದಿ ಮುಗಿಸಿದ ತಕ್ಷಣ ನಿಮ್ಮ ಗಾಡಿಯ ಪಾಲಿಸಿ ತೆಗೆದು ಕೊನೆ ದಿನಾಂಕ ಯಾವುದು, ಬೋನಸ್ ಶೇಕಡಾ ಎಷ್ಟು, ಜೀರೋ ಡೆಪ್ರಿಸಿಯೇಷನ್ ಇದೆಯಾ ಅಂತ ನೋಡಿ ಮೊಬೈಲ್‌ನಲ್ಲಿ ಬರೆದಿಟ್ಟುಕೊಳ್ಳಿ. ಗುದ್ದಿದ ಮೇಲೆ ನಾಲ್ಕು ಜನರ ಮಧ್ಯೆ ನಿಂತು ಹುಡುಕೋದಕ್ಕಿಂತ ಈಗ ಮನೆಯಲ್ಲಿ ಕೂತು ನೋಡೋದು ಸಲೀಸು.