ಉತ್ಪನ್ನ ಚಾಲಿತ ಬೆಳವಣಿಗೆ

ಚಂದಾ ಆಧಾರದ ತಂತ್ರಾಂಶ ಕಂಪನಿಗಳು ಮಾರಾಟ ಸಿಬ್ಬಂದಿಯನ್ನು ಮುಂದಿಡದೆ, ತಂತ್ರಾಂಶವನ್ನೇ ನೇರವಾಗಿ ಬಳಕೆದಾರರ ಕೈಗಿತ್ತು ವ್ಯವಹಾರ ವಿಸ್ತರಿಸುವ ವಿಧಾನ. ಜನ ಮೊದಲು ಉಚಿತವಾಗಿ ಬಳಸುತ್ತಾರೆ. ಉಪಯೋಗ ಮನವರಿಕೆಯಾಗಿ ಹೆಚ್ಚಿನ ಸೌಲಭ್ಯ ಬೇಕೆನಿಸಿದಾಗ ತಿಂಗಳ ಅಥವಾ ವರ್ಷದ ಚಂದಾ ಕಟ್ಟುತ್ತಾರೆ.

ಹಿನ್ನೆಲೆ

ಕಚೇರಿಗಳ ದೊಡ್ಡ ತಂತ್ರಾಂಶಗಳು ಮೊದಲು ದುಬಾರಿ ಪರವಾನಗಿಗಳಾಗಿ ಮಾರಾಟವಾಗುತ್ತಿದ್ದವು. ಕೊಳ್ಳುವ ತೀರ್ಮಾನ ಮೇಲಧಿಕಾರಿಗಳದು, ದಿನವೂ ಅದರಲ್ಲಿ ಕೆಲಸ ಮಾಡುವವರದಲ್ಲ. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಅವರು ಜ್ಯಾಕ್ ಸ್ಮಿತ್ ಜೊತೆ 1996ರ ಜುಲೈ 4ರಂದು ಆರಂಭಿಸಿದ ಹಾಟ್‌ಮೇಲ್ ಎಂಬ ಇಮೇಲ್ ಸೇವೆ ಬೇರೊಂದು ದಾರಿ ತೋರಿತು. ಅದರಿಂದ ಹೊರಟ ಪ್ರತಿ ಪತ್ರದ ಕೆಳಗೂ ಉಚಿತ ಖಾತೆ ತೆರೆಯುವ ಆಹ್ವಾನವಿರುತ್ತಿತ್ತು. ಹೀಗಾಗಿ ಪತ್ರ ಬರೆದವರೆಲ್ಲ ಪ್ರಚಾರಕರಾದರು. 1997ರ ಕೊನೆಗೆ ಮೈಕ್ರೋಸಾಫ್ಟ್ ಅದನ್ನು ಕೊಂಡಿತು. 1999ರಲ್ಲಿ ಸ್ಥಾಪನೆಯಾದ ಸೇಲ್ಸ್‌ಫೋರ್ಸ್ ಕಂಪನಿ, ಇಂಟರ್ನೆಟ್ ಮೂಲಕ ಚಂದಾ ಪಡೆದು ತಂತ್ರಾಂಶ ಒದಗಿಸುವ ಪದ್ಧತಿಯನ್ನು ಬೆಳೆಸಿತು. ಉಚಿತ ಬಳಕೆ, ಚಂದಾ ಇವೆರಡೂ ಮುಂದೆ ಕಡತ ಸಂಗ್ರಹದ ಡ್ರಾಪ್‌ಬಾಕ್ಸ್, ಕಚೇರಿ ಸಂದೇಶಗಳ ಸ್ಲ್ಯಾಕ್ ಮುಂತಾದ ಸೇವೆಗಳಲ್ಲಿ ಕೂಡಿಬಂದವು. ಗೆಳೆಯರನ್ನು ಕರೆತಂದವರಿಗೆ ಡ್ರಾಪ್‌ಬಾಕ್ಸ್ ಹೆಚ್ಚುವರಿ ಸಂಗ್ರಹ ಜಾಗ ಕೊಡುತ್ತಿತ್ತು. 2016ರಲ್ಲಿ ಓಪನ್‌ವ್ಯೂ ಎಂಬ ಅಮೆರಿಕದ ಹೂಡಿಕೆ ಸಂಸ್ಥೆಯ ಬ್ಲೇಕ್ ಬಾರ್ಟ್‌ಲೆಟ್ ಈ ವಿಧಾನಕ್ಕೆ ಈಗಿನ ಹೆಸರಿಟ್ಟರು.

ಕರ್ನಾಟಕದಲ್ಲಿ

1986ರಲ್ಲಿ ಆರಂಭವಾದ ಬೆಂಗಳೂರಿನ ಲೆಕ್ಕಪತ್ರ ತಂತ್ರಾಂಶ ಕಂಪನಿ ಟ್ಯಾಲಿ ಮುಖ್ಯವಾಗಿ ಮಾರಾಟ ಪಾಲುದಾರರ ಜಾಲದಿಂದ ಬೆಳೆಯಿತು. ಆದರೂ ಅದರ ಉಚಿತ ಎಜುಕೇಷನಲ್ ಮೋಡ್ ಈ ತಂತ್ರಕ್ಕೆ ಹತ್ತಿರದ್ದು: ಅದರಲ್ಲಿ ತಿಂಗಳ 1, 2 ಮತ್ತು 31ನೇ ತಾರೀಖಿಗಷ್ಟೇ ವೋಚರ್, ಅಂದರೆ ವಹಿವಾಟಿನ ನಮೂದು, ದಾಖಲಿಸಬಹುದು. ಲೆಕ್ಕಪತ್ರ ಕಲಿಯುವವರಿಗೆ ಅಷ್ಟು ಸಾಕು. ಅಂಗಡಿಯ ದಿನದ ವಹಿವಾಟಿಗೆ ಸಾಲದು.

ಈ ವಿಧಾನದ ಪೂರ್ಣ ಉದಾಹರಣೆ ಪೋಸ್ಟ್‌ಮನ್. ಎಪಿಐಗಳನ್ನು, ಅಂದರೆ ಒಂದು ತಂತ್ರಾಂಶ ಮತ್ತೊಂದರೊಡನೆ ವ್ಯವಹರಿಸುವ ಮಾರ್ಗಗಳನ್ನು, ಪರೀಕ್ಷಿಸಲು ಅಭಿನವ್ ಅಸ್ಥಾನಾ 2012ರಲ್ಲಿ ಕ್ರೋಮ್ ಬ್ರೌಸರ್‌ಗೆ ಉಚಿತ ಸಾಧನವೊಂದನ್ನು ಹೊರತಂದರು. ಬಳಕೆದಾರರು ಹೆಚ್ಚಿದ ಮೇಲೆ, 2014ರಲ್ಲಿ, ಅಂಕಿತ್ ಸೋಬ್ತಿ ಮತ್ತು ಅಭಿಜಿತ್ ಕಾನೆ ಅವರೊಂದಿಗೆ ಬೆಂಗಳೂರಿನಲ್ಲಿ ಕಂಪನಿ ಕಟ್ಟಿದರು. ಒಬ್ಬ ಪ್ರೋಗ್ರಾಮರ್‌ಗೆ ಉಚಿತ, ತಂಡವಾಗಿ ಹಂಚಿಕೊಂಡು ಕೆಲಸ ಮಾಡಲು ಚಂದಾ ಎಂಬುದು ಅವರ ಸೂತ್ರ. ಪ್ರೋಗ್ರಾಮರ್‌ಗಳು ತಾವಾಗಿಯೇ ಸಾಧನವನ್ನು ಕಚೇರಿಯೊಳಕ್ಕೆ ಒಯ್ದುದರಿಂದ, ಖರೀದಿ ವಿಭಾಗದ ಮುಂದೆ ಪ್ರಸ್ತಾಪ ಬರುವ ವೇಳೆಗೆ ಅದು ಅಲ್ಲಿ ಬಳಕೆಯಲ್ಲಿರುತ್ತಿತ್ತು. 2021ರಲ್ಲಿ 22.5 ಕೋಟಿ ಡಾಲರ್ ಬಂಡವಾಳ ಪಡೆದಾಗ ಕಂಪನಿಯ ಮೌಲ್ಯ 560 ಕೋಟಿ ಡಾಲರ್ ಎಂದು ನಿಗದಿಯಾಯಿತು. ಆಗ ಬಳಕೆದಾರರು 1.7 ಕೋಟಿ. ಕಂಪನಿಯ ಮುಖ್ಯ ಕಚೇರಿ ಈಗ ಸ್ಯಾನ್ ಫ್ರಾನ್ಸಿಸ್ಕೋದಲ್ಲಿದೆ.

ಮಿತಿಗಳು

ಹಣ ಕೊಡದ ಬಳಕೆದಾರರಿಗೂ ಸರ್ವರ್ ಮತ್ತು ಸಹಾಯ ಸೇವೆಯ ಖರ್ಚು ತಪ್ಪದು. ಉಚಿತವಾಗಿ ಹೆಚ್ಚು ಕೊಟ್ಟರೆ ಚಂದಾ ಹುಟ್ಟುವುದಿಲ್ಲ, ಕಡಿಮೆ ಕೊಟ್ಟರೆ ಜನ ನಿಲ್ಲುವುದಿಲ್ಲ. ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವುದೂ ಸುಲಭವಲ್ಲ: ಲಾಗಿನ್ ಇಲ್ಲದೆ ಬಳಸಬಹುದಾಗಿದ್ದ ಸ್ಕ್ರ್ಯಾಚ್ ಪ್ಯಾಡ್ ಎಂಬ ಸೌಲಭ್ಯವನ್ನು ಪೋಸ್ಟ್‌ಮನ್ 2023ರಲ್ಲಿ ಕೈಬಿಟ್ಟಾಗ ಬಳಕೆದಾರರಿಂದ ಆಕ್ಷೇಪ ಬಂತು. ಭದ್ರತೆ ಮತ್ತು ಕಾನೂನಿನ ಷರತ್ತುಗಳಿರುವ ದೊಡ್ಡ ಒಪ್ಪಂದಗಳಿಗೆ ಮಾತುಕತೆ ಅನಿವಾರ್ಯವಾದ್ದರಿಂದ, ಈ ದಾರಿಯಲ್ಲಿ ಬೆಳೆದ ಕಂಪನಿಗಳೂ ನಂತರ ಮಾರಾಟ ತಂಡ ಕಟ್ಟಿಕೊಳ್ಳುವುದುಂಟು.