ಸದ್ದು ಮಾಡದ ಹೊಡೆತಗಾರ - ಹ್ಯಾಂಕ್ ಆರನ್

ಬೇಸ್‌ಬಾಲ್ ಅಂದ ಕೂಡಲೇ ನಮ್ಮಲ್ಲಿ ಬಹಳ ಜನ ಮುಖ ತಿರುಗಿಸಿಬಿಡ್ತೀವಿ, ಗೊತ್ತು. ಸ್ವಲ್ಪ ತಾಳಿ. ಚೆಂಡನ್ನು ಮೈದಾನದ ಬೇಲಿಯಾಚೆ ಕಳಿಸಿದರೆ ಅದು ಹೋಮ್ ರನ್, ನಮ್ಮ ಸಿಕ್ಸರ್ ಥರ. ಸದ್ಯಕ್ಕೆ ಇಷ್ಟು ಗೊತ್ತಿದ್ದರೆ ಸಾಕು :)

ಈ ಹೋಮ್ ರನ್ನುಗಳ ದೇವರು ಬೇಬ್ ರೂಥ್. ಒಟ್ಟು 714 ಹೊಡೆದು 1935ರಲ್ಲಿ ಆಟ ಬಿಟ್ಟ. ಒಂದೇ ಸೀಸನ್ನಿನಲ್ಲಿ 60 ಹೊಡೆದವನು, ಊಟ, ಕುಡಿತ, ಮೋಜು ಎಲ್ಲದರಲ್ಲೂ ಧಾರಾಳಿ. ಅವನ 714ನ್ನು ದಾಟಿದ ಆರನ್ ಇದಕ್ಕೆ ತದ್ವಿರುದ್ಧ. ಮಾತು ಕಮ್ಮಿ, ಸಂಭ್ರಮ ಇನ್ನೂ ಕಮ್ಮಿ. ಯಾವ ಸೀಸನ್ನಿನಲ್ಲೂ 50 ಮುಟ್ಟಲಿಲ್ಲ. ಆದರೆ 40 ಅಥವಾ ಹೆಚ್ಚು ಹೊಡೆದದ್ದು ಎಂಟು ಸಲ. ಅದರಲ್ಲಿ ನಾಲ್ಕು ಸಲ ಸರಿಯಾಗಿ 44, ಅವನ ಅಂಗಿಯ ನಂಬರೂ 44!

ಹುಟ್ಟಿದ್ದು 1934ರಲ್ಲಿ, ಅಲಬಾಮಾದ ಮೊಬೀಲ್‌ನಲ್ಲಿ, ಬಡ ಕರಿಯರ ಮನೆಯಲ್ಲಿ. 1952ರಲ್ಲಿ ಇಂಡಿಯಾನಾಪೊಲಿಸ್ ಕ್ಲೌನ್ಸ್ ಅನ್ನೋ ಕರಿಯರ ತಂಡ ಸೇರಿದ. ಆಗಿನ ಒಂದು ಘಟನೆಯನ್ನು ಅವನೇ ಹೇಳಿಕೊಂಡಿದ್ದಾನೆ. ವಾಷಿಂಗ್ಟನ್ನಿನ ಒಂದು ಹೋಟೆಲಿನಲ್ಲಿ ತಂಡದವರು ತಿಂಡಿ ತಿಂದು ಎದ್ದ ಮೇಲೆ ಅಡುಗೆಮನೆಯಿಂದ ತಟ್ಟೆ ಒಡೆಯುವ ಸದ್ದು ಬಂತಂತೆ. ಇವರು ಉಂಡ ತಟ್ಟೆಗಳು! ಮುಟ್ಟು-ಮಡಿ ನಮ್ಮ ಊರಿನದು ಮಾತ್ರ ಅಂದುಕೊಂಡವರಿಗೆ ಇದು ಹೊಸದೇನೋ.

1954ರಲ್ಲಿ ಮಿಲ್ವಾಕೀ ಬ್ರೇವ್ಸ್ ಸೇರಿದ. 1966ರಲ್ಲಿ ತಂಡವೇ ಅಟ್ಲಾಂಟಾಕ್ಕೆ ಗಂಟುಮೂಟೆ ಕಟ್ಟಿತು. ಸಮುದ್ರಮಟ್ಟದಿಂದ ಸುಮಾರು ಸಾವಿರ ಅಡಿ ಎತ್ತರದ ಊರು, ಚೆಂಡು ಚೆನ್ನಾಗಿ ಹಾರೋ ಮೈದಾನ. ಅದಕ್ಕೆ ಲಾಂಚಿಂಗ್ ಪ್ಯಾಡ್ ಅಂತಲೇ ಅಡ್ಡಹೆಸರು ಬಿತ್ತು. ಆರನ್ ಮೈದಾನ ನೋಡಿ ತನ್ನ ಹೊಡೆತವನ್ನೇ ಬದಲಿಸಿಕೊಂಡ, ಎಡಬದಿಗೆ ಎಳೆದು ಎತ್ತಿ ಹೊಡೆಯೋಕೆ ಶುರುಮಾಡಿದ. 35 ಅಂದರೆ ಬಹಳ ಆಟಗಾರರು ಮನೆ ಸೇರೋ ವಯಸ್ಸು. 1969ರಲ್ಲಿ ಅವನಿಗೆ 35. ಆ ಸೀಸನ್ನಿನಿಂದ ಮುಂದಕ್ಕೆ ಹೊಡೆದದ್ದು 245 ಹೋಮ್ ರನ್. ಜೀವನದ ಅತಿ ಹೆಚ್ಚು, 47, ಬಂದದ್ದು 37ನೇ ವಯಸ್ಸಿನಲ್ಲಿ. 1973ರಲ್ಲಿ, 39ರಲ್ಲಿ, 40. ಮೈದಾನದ ಉಪಕಾರ ಅನ್ನೋರು ಇದ್ದಾರೆ. ಇರಬಹುದು. ಆದರೆ ಅದೇ ಮೈದಾನದಲ್ಲಿ ಆಡಿದ ಮಿಕ್ಕವರು 714ರ ಹತ್ತಿರವೂ ಸುಳಿಯಲಿಲ್ಲವಲ್ಲ?

1973ರ ಸೀಸನ್ ಮುಗಿದಾಗ ಲೆಕ್ಕ 713. ಸಮ ಮಾಡೋಕೆ ಒಂದೇ ಒಂದು ಬಾಕಿ, ನಡುವೆ ಇಡೀ ಚಳಿಗಾಲ. ಆ ವರ್ಷ ಅವನಿಗೆ ಬಂದ ಪತ್ರಗಳು ಒಂಬತ್ತು ಲಕ್ಷಕ್ಕೂ ಹೆಚ್ಚು. ಮೆಚ್ಚುಗೆಯ ಪತ್ರಗಳೂ ಇದ್ದವು. ಆದರೆ ಬಿಳಿಯನ ದಾಖಲೆಯನ್ನು ಕರಿಯ ಮುರಿದರೆ ಕೊಲ್ತೀವಿ ಅನ್ನೋವೂ ಸಾಕಷ್ಟಿದ್ದವು. ಕಾಲೇಜಿನಲ್ಲಿದ್ದ ಮಗಳನ್ನು ಅಪಹರಿಸೋ ಬೆದರಿಕೆ ಬೇರೆ. ಜೊತೆಗೊಬ್ಬ ಪೊಲೀಸ್ ಕಾವಲು, ಹೋಟೆಲಿನಲ್ಲಿ ಬೇರೆ ಹೆಸರು. ಅಟ್ಲಾಂಟಾ ಜರ್ನಲ್ ಪತ್ರಿಕೆಯ ಕ್ರೀಡಾ ಸಂಪಾದಕ ಲೂಯಿಸ್ ಗ್ರಿಜರ್ಡ್ ಅವನ ಸಾವಿನ ಸುದ್ದಿಯನ್ನು ಗುಟ್ಟಾಗಿ ಬರೆಸಿಟ್ಟಿದ್ದರು. ಇಷ್ಟರ ನಡುವೆ ಈ ಮನುಷ್ಯ ಚೆಂಡಿನ ಮೇಲೆ ಕಣ್ಣು ನೆಟ್ಟದ್ದು ಹೇಗೆ ಅನ್ನೋದೇ ನನಗೆ ಅಂಕಿಅಂಶಗಳಿಗಿಂತ ದೊಡ್ಡ ಸೋಜಿಗ.

1974ರ ಏಪ್ರಿಲ್ 4, ಸಿನ್ಸಿನಾಟಿ. ಆ ಸೀಸನ್ನಿನ ಮೊದಲ ಬೀಸಿಗೇ 714. ಏಪ್ರಿಲ್ 8ರ ರಾತ್ರಿ ಅಟ್ಲಾಂಟಾದಲ್ಲಿ, ಅಲ್ ಡೌನಿಂಗ್ ಎಸೆದ ಚೆಂಡಿಗೆ 715. ಬೇಸುಗಳನ್ನು ಸುತ್ತುತ್ತಿರುವಾಗ ಇಬ್ಬರು ಬಿಳಿಯ ಹುಡುಗರು ಮೈದಾನಕ್ಕೆ ನುಗ್ಗಿ ಬೆನ್ನು ತಟ್ಟಿದರು. ವಿಡಿಯೋ ನೋಡುವಾಗ ಎದೆ ಧಸಕ್ಕನ್ನುತ್ತೆ. ಆರನ್ ಕೈಯಲ್ಲೇ ಅವರನ್ನು ಸ್ವಲ್ಪ ಸರಿಸಿ ಓಡ್ತಾನೆ ಅಷ್ಟೆ, ಕುಣಿತ ಕೇಕೆ ಏನಿಲ್ಲ. ಕೊನೆಗೆ ಅವನ ತಾಯಿ ಬಂದು ಗಟ್ಟಿಯಾಗಿ ಅಪ್ಪಿಕೊಂಡರು. ಬೇಸ್‌ಬಾಲಿನ ಕಮಿಷನರ್ ಬೋವಿ ಕೂನ್ ಮಾತ್ರ ಅಲ್ಲಿರಲಿಲ್ಲ, ಆ ರಾತ್ರಿ ಕ್ಲೀವ್‌ಲ್ಯಾಂಡಿನಲ್ಲಿದ್ದರು.

ಕೊನೆಯ ಎರಡು ಸೀಸನ್ ಮತ್ತೆ ಮಿಲ್ವಾಕೀಯಲ್ಲೇ, ಬ್ರೂವರ್ಸ್ ತಂಡಕ್ಕೆ. 1976ರಲ್ಲಿ ಆಟ ಬಿಟ್ಟಾಗ ಲೆಕ್ಕ 755. ಬೆದರಿಕೆ ಪತ್ರಗಳನ್ನು ಅವನು ಎಸೆಯಲಿಲ್ಲ, ಜೋಪಾನವಾಗಿ ಇಟ್ಟುಕೊಂಡ. 2007ರ ಆಗಸ್ಟಿನಲ್ಲಿ ಬ್ಯಾರಿ ಬಾಂಡ್ಸ್ 756 ಹೊಡೆದಾಗ (ಸ್ಟೆರಾಯ್ಡ್ ಆರೋಪದ ಗಲಾಟೆಯ ನಡುವೆ) ಆರನ್ ಮೈದಾನಕ್ಕೆ ಹೋಗಲಿಲ್ಲ, ಆದರೆ ಅವನು ಮೊದಲೇ ರೆಕಾರ್ಡ್ ಮಾಡಿ ಕೊಟ್ಟಿದ್ದ ಅಭಿನಂದನೆಯನ್ನು ದೊಡ್ಡ ಪರದೆಯ ಮೇಲೆ ತೋರಿಸಿದರು. 2021ರ ಜನವರಿ 22ರಂದು ತೀರಿಕೊಂಡ.

ಲೆಕ್ಕಪ್ರಿಯರಿಗೆ ಇನ್ನೊಂದು: 3,000 ಹಿಟ್ ಮುಟ್ಟಿದವನು ಅಲ್ಲಿ ಮಹಾನ್ ಆಟಗಾರ. ಆರನ್‌ದು 3,771. ಅದರಿಂದ ಆ 755 ಹೋಮ್ ರನ್ನುಗಳನ್ನೂ ಕಳೆದುಬಿಡಿ, 3,016 ಉಳಿಯುತ್ತೆ.