ಹಿಮಾಲಯದ ಏರಿಕೆ ಮತ್ತು ಗಂಗಾ ತಗ್ಗು

ಹಿಮಾಲಯದ ದಕ್ಷಿಣ ಬುಡಕ್ಕೆ ತಗುಲಿಕೊಂಡು ಹಬ್ಬಿರುವ ಗಂಗಾ ಬಯಲಿನ ಅಡಿಯಲ್ಲಿ ಹೂಳು ತುಂಬಿದ ಆಳವಾದ ತಗ್ಗೊಂದಿದೆ. ಬೆಟ್ಟದ ಬುಡದ ಬಳಿ ಈ ಹೂಳು 4ರಿಂದ 6 ಕಿ.ಮೀ. ದಪ್ಪ; ದಕ್ಷಿಣಕ್ಕೆ ಬಂದಂತೆ ತೆಳುವಾಗುತ್ತ ಹೋಗಿ, ಬುಂದೇಲ್‌ಖಂಡದ ಅಂಚಿನಲ್ಲಿ ಪುರಾತನ ಬಂಡೆ ನೆಲದ ಮೇಲೆಯೇ ಕಾಣಿಸಿಕೊಳ್ಳುತ್ತದೆ. ಪರ್ವತವೂ ತಗ್ಗೂ ಒಂದೇ ಕ್ರಿಯೆಯ ಎರಡು ಫಲಗಳು ಎಂಬುದು ಇಂದಿನ ತಿಳಿವಳಿಕೆ. ಇದಕ್ಕೆ ದಾರಿ ತೆರೆದವರು ಭೂವಿಜ್ಞಾನಿಗಳಲ್ಲ, ಮೋಜಣಿಯವರು.

ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆ ಅಳೆದು ಮೈಸೂರು ಸೀಮೆಯ ಮೋಜಣಿಗೆ ತೊಡಗಿದ. ಆ ಕೆಲಸವೇ ಬೆಳೆದು ಉಪಖಂಡದ ಮಹಾ ತ್ರಿಕೋನಮಿತಿ ಮೋಜಣಿಯಾಯಿತು. ಜಾರ್ಜ್ ಎವರೆಸ್ಟ್‌ನ ಕಾಲಕ್ಕೆ ಅದು ಹಿಮಾಲಯದ ತಪ್ಪಲನ್ನು ಮುಟ್ಟಿದಾಗ ಒಂದು ತೊಡಕು ಎದುರಾಯಿತು. ಸಿರೋಂಜ್ ಬಳಿಯ ಕಲ್ಯಾಣಪುರ ಮತ್ತು ಉತ್ತರದ ಕಲಿಯಾನಾ ನಡುವಿನ ಅಂತರವನ್ನು ನೆಲದ ಮೇಲೆ ಅಳೆದಾಗ ಬಂದ ಉತ್ತರವೇ ಬೇರೆ, ನಕ್ಷತ್ರ ನೋಡಿ ಲೆಕ್ಕ ಹಾಕಿದಾಗ ಬಂದದ್ದೇ ಬೇರೆ. ವ್ಯತ್ಯಾಸ ಕೋನದ ಲೆಕ್ಕದಲ್ಲಿ 5.236 ಸೆಕೆಂಡು, ಅಂದರೆ ನೆಲದ ಮೇಲೆ ಸುಮಾರು 160 ಮೀಟರ್. ಪರ್ವತದ ರಾಶಿ ಉಪಕರಣದ ತೂಕದ ಗುಂಡನ್ನು ತನ್ನತ್ತ ಸೆಳೆದಿರಬೇಕೆಂದು ಕಲ್ಕತ್ತದ ಪಾದ್ರಿ ಜಾನ್ ಪ್ರ್ಯಾಟ್ ಲೆಕ್ಕಕ್ಕೆ ಕೂತ. ಅವನಿಗೆ ಸಿಕ್ಕಿದ್ದು 15.885 ಸೆಕೆಂಡು, ಬೇಕಾದದ್ದರ ಮೂರು ಪಟ್ಟು! ಕಣ್ಣಿಗೆ ಕಾಣುವ ಪರ್ವತ ಸೆಳೆಯಬೇಕಾದಷ್ಟು ಸೆಳೆಯುತ್ತಿರಲಿಲ್ಲ. 1855ರಲ್ಲಿ ಜಾರ್ಜ್ ಏರಿ ಇದಕ್ಕೆ ಕಾರಣ ಸೂಚಿಸಿದ: ಹಗುರವಾದ ಭೂತೊಗಟೆ ಪರ್ವತದ ಕೆಳಗೆ ದಪ್ಪನೆಯ ಬೇರಾಗಿ, ತನಗಿಂತ ಸಾಂದ್ರವಾದ ಪದರದೊಳಗೆ ಇಳಿದಿದೆ. ಪ್ರ್ಯಾಟ್ ಇದನ್ನೊಪ್ಪದೆ ತನ್ನದೇ ವಿವರಣೆ ಕೊಟ್ಟ. ಮುಂದೆ ಐಸೊಸ್ಟಸಿ ಎಂದು ಹೆಸರು ಪಡೆದ ಸಮತೋಲದ ಕಲ್ಪನೆ ಬೆಳೆದದ್ದು ಈ ವಾದದಿಂದ.

ತಗ್ಗಿನ ವಿಚಾರ ಇಷ್ಟು ನೇರವಾಗಿ ಬಗೆಹರಿಯಲಿಲ್ಲ. ಅಮೆರಿಕದ ಅಪಲೇಚಿಯನ್ ಬೆಟ್ಟಗಳನ್ನು ನೋಡಿದ ಜೇಮ್ಸ್ ಹಾಲ್, ಹೂಳಿನ ಭಾರಕ್ಕೇ ನೆಲ ಕುಸಿಯುತ್ತದೆ ಎಂದಿದ್ದ. ಆದರೆ ಹೂಳು ತಾನು ಸರಿಸಬೇಕಾದ ಆಳದ ಶಿಲೆಗಿಂತ ಹಗುರ. ಇದ್ದ ಗುಂಡಿಯನ್ನು ಅದು ಇನ್ನಷ್ಟು ಆಳ ಮಾಡೀತೇ ಹೊರತು ತಾನಾಗಿ ಗುಂಡಿ ತೋಡಲಾರದು. ಭಾರತದ ಸರ್ವೇಯರ್ ಜನರಲ್ ಆಗಿದ್ದ ಸಿಡ್ನಿ ಬರ್ರಾರ್ಡ್ 1912ರಲ್ಲಿ ಗುರುತ್ವದ ಅಳತೆಗಳನ್ನು ಆಧರಿಸಿ, ಬಯಲಿನಡಿ ಬಲು ಆಳದ ಸೀಳೊಂದಿದೆ ಎಂದು ವಾದಿಸಿದ. ಭೂವಿಜ್ಞಾನಿಗಳು ಅದನ್ನು ಒಪ್ಪಲಿಲ್ಲ. 1917ರಲ್ಲಿ ಆರ್. ಡಿ. ಓಲ್ಡ್‌ಹ್ಯಾಂ ಅದೇ ಗುರುತ್ವದ ಅಳತೆಗಳನ್ನು ಬೇರೆ ರೀತಿಯಲ್ಲಿ ಓದಿ, ಇದು ಸೀಳಲ್ಲ, ಉತ್ತರಕ್ಕೆ ಇಳಿಜಾರಾದ ತಗ್ಗು ಎಂದ. ನಂತರದ ಕೊರೆತಗಳು ಓಲ್ಡ್‌ಹ್ಯಾಂನ ಪಕ್ಷವನ್ನೇ ಹಿಡಿದವು.

ಈ ಹೊತ್ತಿಗೆ ಅತ್ಯಂತ ಗಟ್ಟಿ ಸಾಕ್ಷ್ಯ ಶಿವಾಲಿಕ್ ಬೆಟ್ಟಗಳಲ್ಲಿ ಬಯಲಾಗಿಯೇ ಬಿದ್ದಿತ್ತು. 1830ರ ದಶಕದಲ್ಲಿ ಹ್ಯೂ ಫಾಲ್ಕನರ್ ಮತ್ತು ಪ್ರೊಬಿ ಕಾಟ್ಲಿ ಅಲ್ಲಿಂದ ರಾಶಿಗಟ್ಟಲೆ ಪಳೆಯುಳಿಕೆ ಹೊರತೆಗೆದಿದ್ದರು. ಜಿರಾಫೆಯ ಸಂಬಂಧಿಯಾದ ದೈತ್ಯ ಶಿವಥೀರಿಯಮ್ ಅವುಗಳಲ್ಲೊಂದು. ಆದರೆ ಎಲುಬುಗಳಿಗಿಂತ ಅವನ್ನು ಹೊತ್ತಿದ್ದ ಕಲ್ಲೇ ಹೆಚ್ಚು ಹೇಳುತ್ತದೆ. ಸುಮಾರು 1.8 ಕೋಟಿ ವರ್ಷಗಳಿಂದೀಚೆಗೆ ನದಿಗಳು ತಂದು ಸುರಿದ ಈ ಪದರಗಳಲ್ಲಿ ಕೆಳಗೆ ಜೇಡಿಗಲ್ಲು ಮತ್ತು ನಯವಾದ ಮರಳುಗಲ್ಲು, ನಡುವೆ ದಪ್ಪ ಮರಳುಗಲ್ಲು, ಮೇಲೆ ಉರುಟು ಗುಂಡುಕಲ್ಲುಗಳ ಸ್ತರ. ದೂರದ ನದಿ ನಯವಾದ ಮಣ್ಣನ್ನು ಮಾತ್ರ ತರಬಲ್ಲದು, ಗುಂಡುಕಲ್ಲು ಬರಬೇಕಾದರೆ ಬೆಟ್ಟ ಹತ್ತಿರದಲ್ಲೇ ಇರಬೇಕು. ಅಂದರೆ ಪರ್ವತದ ಮುಂಚೂಣಿ ದಕ್ಷಿಣಕ್ಕೆ ನಡೆದುಬಂದಿದೆ. ಕೊನೆಗೆ ಆ ಹೂಳೇ ಒತ್ತಡಕ್ಕೆ ಸಿಕ್ಕಿ ಮಡಚಿಕೊಂಡು ಶಿವಾಲಿಕ್ ಬೆಟ್ಟವಾಯಿತು. ಅದರಡಿಯ ಮುಂಚೂಣಿ ಸ್ತರಭಂಗ ಈಗಲೂ ಸಕ್ರಿಯವಾಗಿದೆ. ಇಂದಿನ ಗಂಗಾ ಮೆಕ್ಕಲಿನ ಉತ್ತರದ ಅಂಚೂ ಮುಂದೆ ಬೆಟ್ಟ ಸೇರುವ ಸರದಿಯಲ್ಲಿದೆ.

ಭಾರತ ಏಷ್ಯಾದಡಿ ನುಗ್ಗುತ್ತಿದೆ ಎಂಬ ಚಿತ್ರವನ್ನು ಎಮಿಲ್ ಆರ್ಗಾಂ 1924ರಲ್ಲೇ ಬರೆದಿದ್ದ. ಅದಕ್ಕೆ ಭೂಫಲಕ ಸಿದ್ಧಾಂತದ ಬೆಂಬಲ ಸಿಕ್ಕಿದ್ದು 1960ರ ದಶಕದಲ್ಲಿ. ಡಿಕ್ಕಿ ಆರಂಭವಾಗಿ ಸುಮಾರು 5 ಕೋಟಿ ವರ್ಷಗಳಾಗಿವೆ. ಡಿಕ್ಕಿಯಲ್ಲಿ ಒಂದರ ಮೇಲೊಂದು ಏರಿದ ಶಿಲಾಹಾಳೆಗಳ ಭಾರಕ್ಕೆ ಭಾರತದ ಫಲಕ, ತುದಿಗೆ ಹೊರೆ ಹೇರಿದ ಹಲಗೆಯಂತೆ, ಬಾಗುತ್ತದೆ. ಬಾಗಿದೆಡೆ ತಗ್ಗು ಬೀಳುತ್ತದೆ, ಆಚೆಗೆ ನೆಲ ಸ್ವಲ್ಪ ಉಬ್ಬುತ್ತದೆ. 1981ರಲ್ಲಿ ಕ್ರಿಸ್ಟೋಫರ್ ಬೋಮಾಂಟ್ ಮತ್ತು ತೆರೇಸಾ ಜೋರ್ಡಾನ್ ಉತ್ತರ ಅಮೆರಿಕದ ತಗ್ಗುಗಳಿಗೆ ಈ ಗಣಿತವನ್ನು ಹೊಂದಿಸಿದರು. ಎಲೆನ್ ಲಿಯೋಂ-ಕಾಯೆನ್ ಮತ್ತು ಪೀಟರ್ ಮೊಲ್ನಾರ್ ಅದೇ ದಶಕದಲ್ಲಿ ಗಂಗಾ ತಗ್ಗಿನ ಗುರುತ್ವದ ಅಳತೆಗಳನ್ನು ಇದೇ ರೀತಿ ವಿವರಿಸಿದರು. ಎವರೆಸ್ಟ್‌ನನ್ನು ಕಾಡಿದ ತೂಕದ ಗುಂಡಿನ ಲೆಕ್ಕಕ್ಕೆ ಪರ್ವತದ ಬೇರಿನ ಜೊತೆಗೆ ಫಲಕದ ಬಿಗಿತವೂ ಸೇರಿದ್ದು ಹೀಗೆ.

ಹೂಳೆಲ್ಲ ತಗ್ಗಿನಲ್ಲೇ ಉಳಿಯುವುದಿಲ್ಲ. ಬಹುಪಾಲು ಗಂಗಾ-ಬ್ರಹ್ಮಪುತ್ರಗಳ ಮೂಲಕ ಬಂಗಾಳ ಕೊಲ್ಲಿ ಸೇರಿ, ಸಮುದ್ರತಳದಲ್ಲಿ ಸುಮಾರು 3,000 ಕಿ.ಮೀ. ಉದ್ದದ ಬೀಸಣಿಗೆಯಾಕಾರದ ರಾಶಿಯಾಗಿದೆ. 2015ರ ಸಾಗರ ಕೊರೆತ ಯಾನ ಅಲ್ಲಿ ಏಳು ಕಡೆ ಮಾದರಿ ತೆಗೆಯಿತು. ಪರ್ವತ ಏರಿದ್ದರಿಂದ ಸವೆತ ಹೆಚ್ಚಿತೋ, ಹವಾಮಾನ ಬದಲಾಗಿ ಸವೆತ ಹೆಚ್ಚಿದ್ದರಿಂದ ಶಿಖರಗಳು ಮೇಲೆದ್ದವೋ ಎಂದು ಮೊಲ್ನಾರ್ ಮತ್ತು ಫಿಲಿಪ್ ಇಂಗ್ಲೆಂಡ್ 1990ರಲ್ಲಿ ಎತ್ತಿದ ಪ್ರಶ್ನೆಯ ಚರ್ಚೆ ಇಂಥ ಮಾದರಿಗಳನ್ನು ಮುಂದಿಟ್ಟುಕೊಂಡು ಇಂದಿಗೂ ನಡೆದಿದೆ.